ಕಬ್ಬಿಣದ ಕೆಳಗಿನ ಕೌದಿ

ಬೆಳಿಗ್ಗೆ ಏಳರ ಬಸ್ಸಿಗೆ ಕೂಡ್ಲಿಗಿ ಬಿಟ್ಟೆ. ಗೋಣಿಚೀಲದಲ್ಲಿ ಕಬ್ಬಿಣದ ಎದೆಕವಚವಿತ್ತು. ಕಂಡಕ್ಟರ್ ಅದನ್ನು ಕಾಲಿನಿಂದ ಸರಿಸಲು ನೋಡಿ, "ಏನ್ರೀ ಇದು, ಟ್ರ್ಯಾಕ್ಟರ್ ಸಾಮಾನೇನು?" ಎಂದ. "ನಾಟಕದ ಉಡುಪು ರೀ" ಎಂದೆ. ನಂಬಲಿಲ್ಲ.

ನಾನು ದರ್ಜಿ. ನಗರದ ನಾಟಕ ತಂಡವೊಂದು ಹಳೆಯ ಕಾಲದ ಯುರೋಪಿನ ಯೋಧನ ಕಥೆ ಆಡುವುದಿತ್ತು. ಕವಚದೊಳಗಿನ ಅಂಗಿಯನ್ನು ನನಗೆ ಒಪ್ಪಿಸಿದ್ದರು. ನಾನು ಸ್ಪಂಜು ತುಂಬಿ ಹೊಲಿದೆ. ತಾಲೀಮಿನಲ್ಲಿ ನಟನ ಹೆಗಲು ತರಚಿ ರಕ್ತ ಬಂತು. ಸೆಕೆಗೆ ತಲೆ ಸುತ್ತಿ ಬಿದ್ದುಬಿಟ್ಟ. ಅಂಗಿ ವಾಪಸ್ ಬಂತು. ಜೊತೆಗೆ ಕವಚ, ಒಂದು ಚೀಟಿ. ಆ ಯೋಧರು ಕಬ್ಬಿಣದ ಕೆಳಗೆ ನಾರುಬಟ್ಟೆಯನ್ನು ಪದರ ಪದರವಾಗಿ ಒತ್ತಿ ಹೊಲಿದ ದಪ್ಪ ಅಂಗಿ ತೊಡುತ್ತಿದ್ದರಂತೆ. ಪೆಟ್ಟಿನ ಅರ್ಧ ಭಾರ ಹೊರುತ್ತಿದ್ದುದು ಆ ಬಟ್ಟೆಯೇ.

ಓದಿದ ಕೂಡಲೇ ಹಿರೇಹಡಗಲಿಯ ಅಕ್ಕ ನೆನಪಾದಳು. ಅವಳು ಹಳೆ ಬಟ್ಟೆಗಳನ್ನು ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾಳೆ. ಆದರೆ ಮೂರು ವರ್ಷದಿಂದ ನಮ್ಮಲ್ಲಿ ಮಾತಿರಲಿಲ್ಲ. ಅಂಗಡಿ ತೆರೆದಾಗ ಅವಳು ಕೊಟ್ಟ ಕೌದಿಯನ್ನು, ಹಳೆ ಸೀರೆಯದೆಂದು ನಾಚಿ, ಇಸ್ತ್ರಿ ಮೇಜಿಗೆ ಹಾಸಿ, ಇಸ್ತ್ರಿಪೆಟ್ಟಿಗೆ ತಾಗಿಸಿ ಸುಟ್ಟಿದ್ದೆ. ಅಂಗಡಿಗೆ ಬಂದಾಗ ಅದನ್ನು ಅವಳು ಕಣ್ಣಾರೆ ಕಂಡಿದ್ದಳು.

ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದೆ. ಹಡಗಲಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅಲ್ಲಿಂದ ಹಿರೇಹಡಗಲಿಗೆ ಮತ್ತೊಂದು ಬಸ್ಸು. ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡೆ.

ಅಕ್ಕ ಬಾ ಎನ್ನಲಿಲ್ಲ, ಆದರೆ ನೀರು ಕೊಟ್ಟಳು. "ಏನರ ಕೆಲಸ ಐತೇನು?"

"ಐತಿ ಅಕ್ಕಾ" ಎಂದು ಎಲ್ಲ ಹೇಳಿದೆ.

"ಕಬ್ಬಿಣ ಹಾಕ್ಕೊಂಡೋರಿಗೂ ಒಳಗ ಅರಿವಿ-ಬಟ್ಟಿ ಬೇಕಾತೇನು?" ಎಂದು ಕವಚ ಮುಟ್ಟಿ ನೋಡಿದಳು. "ನೀನ ಹಾಕ್ಕೋ."

ಬರೀ ಅಂಗಿಯ ಮೇಲೆ ಅದನ್ನು ತೊಟ್ಟು ಅರ್ಧ ತಾಸು ಅಂಗಳದಲ್ಲಿ ಸುತ್ತಿದೆ. ಅಕ್ಕ ಅದನ್ನು ಬಿಚ್ಚಿಸಿ, ಹೆಗಲ ಮೇಲಿನ ಕೆಂಪು ಗುರುತುಗಳನ್ನು ಬೆರಳಿನಿಂದ ಒತ್ತಿದಳು. "ಇಲ್ಲಿ ಪದರ ಜಾಸ್ತಿ. ಕಂಕುಳಾಗ ಕಮ್ಮಿ, ಕೈ ಎತ್ತಬೇಕಲ್ಲ."

ಟ್ರಂಕಿನಿಂದ ಮೆತ್ತಗಾದ ನೂಲಿನ ಸೀರೆಗಳನ್ನು ತೆಗೆದಳು. ನಾನು ಕತ್ತರಿಸಿದೆ, ಅವಳು ಹೊಲಿದಳು. ಮಷೀನಿನ ಮಾತೆತ್ತಿದರೆ, "ಅದು ಬಿಗಿ ಮಾಡ್ತೈತಿ, ಗಾಳಿ ಆಡಂಗಿಲ್ಲ" ಎಂದಳು.

ಎರಡನೆಯ ದಿನ ಮಧ್ಯಾಹ್ನ ರೊಟ್ಟಿ ತಿನ್ನುತ್ತಾ, "ಕೌದಿ ಸುಟ್ಟಿದ್ದು ತಪ್ಪಾತು ಅಕ್ಕಾ" ಎಂದೆ.

"ಸುಟ್ಟಿದ್ದಕ್ಕ ಸಿಟ್ಟಲ್ಲೋ. ನನ್ನ ಕಂಡ ಕೂಡ್ಲೆ ಅದರ ಮ್ಯಾಲೆ ಬ್ಯಾರೆ ಬಟ್ಟಿ ಎಳದಿ ನೋಡು, ಅದಕ್ಕ."

ಅವಳು ಇನ್ನೊಂದು ರೊಟ್ಟಿ ಹಾಕಿದಳು.

ನಾಲ್ಕನೆಯ ದಿನ ಅಂಗಿ ಮುಗಿಯಿತು. ತೊಟ್ಟು, ಮೇಲೆ ಕವಚ ಬಿಗಿದು ಕೈ ಎತ್ತಿದೆ. ಸಲೀಸಾಗಿ ಮೇಲೆ ಹೋಯಿತು. ಅಕ್ಕ ಮೂಲೆಯ ಬಡಿಗೆ ತಂದು ಹೆಗಲಿಗೆ ಒಂದು ಬಿಟ್ಟಳು.

"ನೋವಾತೇನು?"

"ಇಲ್ಲ."

"ನಿನಗ ಆಗಬೇಕಿತ್ತಲೇ!" ಎಂದವಳು ನಕ್ಕಳು. ಮೂರು ವರ್ಷದ ಮೇಲೆ ಕೇಳಿದ ನಗು. ನನಗೂ ತಡೆಯಲಾಗಲಿಲ್ಲ.

ಬಸ್ಸಿನವರೆಗೂ ಬಂದಳು. "ಕೆಲಸ ಇಲ್ದಾಗೂ ಬಾ" ಎಂದಳು. ಬಸ್ಸು ಹೊರಟಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಅವಳಾಗಲೇ ಮನೆಯ ಕಡೆ ತಿರುಗಿದ್ದಳು. ಸೂಜಿ ಹಿಡಿದು ಬಾತ ಬೆರಳುಗಳಿಗೆ ಬಾಯಿಂದ ಗಾಳಿ ಊದುತ್ತಾ ನಡೆಯುತ್ತಿದ್ದಳು.