ಬಂಗುಡೆಯ ಕಿವಿರು, ಲಿಂಕಿನ ವಿಳಾಸ

ಹದಿನೈದು ವರ್ಷವಾಯಿತೋ, ಹದಿನೆಂಟೋ, ಸರಿಯಾಗಿ ಹೇಳಲಾರೆ. ಮಾನಿಟರ್‌ಗಳಿನ್ನೂ ದಪ್ಪಗಿದ್ದವು ಎಂಬುದು ಮಾತ್ರ ಖಚಿತ. (ಅತ್ತೆಯ ಮನೆಯದನ್ನು ಎತ್ತಿಟ್ಟವಳು ನಾನೇ. ನೆನಪು ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ.)

ತಲ್ಲೂರಿನ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಕಿವಿರು ಎತ್ತಿ ನೋಡದೆ ಮೀನು ಕೊಂಡವರಲ್ಲ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ವಾಪಸ್ ಬುಟ್ಟಿಗೆ.

"ಹ್ವಾಯ್ ಅಮ್ಮ, ಸತ್ತ್ ಮೀನಿಗ್ ಎಂತ ಪೋಸ್ಟ್‌ಮಾರ್ಟಂ?" ಎಂದು ಮೀನಿನವಳು ರೇಗಿಸುತ್ತಿದ್ದಳು.

"ಹಂಗಾರೆ ನೀನೇ ಹೇಳ್ ಕಾಂಬ, ಇದ್ ಯಾವತ್ ಸತ್ತದ್?"

ಇಂಥ ಅತ್ತೆ ಒಂದು ದಿನ ಇಮೇಲ್‌ನಲ್ಲಿ ಬಂದ ನೀಲಿ ಅಕ್ಷರ ಒತ್ತಿದರು. 'ಮೇಲ್‌ಬಾಕ್ಸ್ ತುಂಬಿದೆ, ಹಳೆಯ ಪತ್ರ ಅಳಿಯದಿರಲು ಇಲ್ಲಿ ಒತ್ತಿ' ಎಂಬರ್ಥದ್ದು. ತೆರೆದದ್ದು ನಕಲಿ ಪುಟ, ನೋಡಲು ಪರಿಚಿತವಾಗಿಯೇ ಇತ್ತು. ಪಾಸ್‌ವರ್ಡ್ ಕೊಟ್ಟರು. ಮರುದಿನ ಅವರ ಮೇಲ್ ಅವರಿಗೇ ತೆರೆಯಲಿಲ್ಲ.

ಹೋದದ್ದೇನು? ತೀರಿಹೋದ ಮಾವ ಹಡಗಿನ ಕೆಲಸದಲ್ಲಿದ್ದಾಗ ಬರೆದ ಪತ್ರಗಳು. ಅಕ್ಷರ ಇಂಗ್ಲಿಷಿನದು, ಮಾತು ಕುಂದಾಪ್ರದ್ದು. ಪ್ರತಿಯೊಂದೂ "ಹ್ವಾಯ್, ಊಟ ಆಯ್ತಾ?" ಎಂದೇ ಶುರು. ಒಂದನ್ನೂ ಪ್ರಿಂಟ್ ತೆಗೆದಿರಲಿಲ್ಲ. ಕಂಪೆನಿಗೆ ಬರೆದೆವು. ಯಂತ್ರ ಉತ್ತರಿಸಿತು.

ಆಗೆಲ್ಲ ಬ್ರೌಸರ್‌ನ ಅಡಿಯಲ್ಲಿ ಬೂದು ಪಟ್ಟಿಯೊಂದಿರುತ್ತಿತ್ತು. ಲಿಂಕ್ ಮೇಲೆ ಮೌಸ್ ಇಟ್ಟರೆ ಸಾಕು, ಅದು ಎಲ್ಲಿಗೆ ಒಯ್ಯುತ್ತದೆಂಬ ವಿಳಾಸ ಅಲ್ಲಿ ಕಾಣುತ್ತಿತ್ತು. ಕಿವಿರು ಎತ್ತಿದ ಹಾಗೆ. ಅತ್ತೆಗೆ ಅದನ್ನು ಕಲಿಸಿದ್ದೆ. (ಕಲಿಸಿದ್ದೆ ಎಂದುಕೊಂಡಿದ್ದೇನೆ.)

ಆಮೇಲೆ ಬ್ರೌಸರ್ ಮಾಡುವವರಿಗೆ ಅಂದದ ಚಿಂತೆ ಹತ್ತಿತು. ಪಟ್ಟಿಯೇ ಹೋಯಿತು. ಈಗ ವಿಳಾಸ ಮೂಲೆಯಲ್ಲಿ ಮಿಂಚಿ ಮಾಯವಾಗುತ್ತದೆ; ಉದ್ದವಿದ್ದರೆ ಮೂರು ಚುಕ್ಕಿ. ಮೀನನ್ನು ಪೇಪರಿನಲ್ಲಿ ಸುತ್ತಿ ಬಾಲ ಮಾತ್ರ ತೋರಿಸಿದರೆ ನಮ್ಮೂರಲ್ಲಿ ಯಾರು ಕೊಳ್ಳುತ್ತಾರೆ?

ನನ್ನ ಬೇಡಿಕೆ ದೊಡ್ಡದಲ್ಲ. ಪಟ್ಟಿ ಸದಾ ಇರಲಿ. ಯಾರ ಸೈಟ್ ಎಂಬ ಹೆಸರು ಪೂರ್ತಿಯಾಗಿ, ದಪ್ಪಗೆ ಕಾಣಲಿ. ಕತ್ತರಿಸಲೇಬೇಕಿದ್ದರೆ ಬಾಲ ಕತ್ತರಿಸಿ.

ಇಲ್ಲಿಗೆ ನಿಲ್ಲಿಸಿದರೆ ತಪ್ಪೆಲ್ಲ ಬ್ರೌಸರಿನದು. ಆದರೆ ಅತ್ತೆಯ ಕಂಪ್ಯೂಟರಿನಲ್ಲಿದ್ದದ್ದು ಹಳೆಯ ಬ್ರೌಸರ್. ಪುಟ ದೊಡ್ಡದಾಗಿ ಕಾಣಲೆಂದು ಯಾರೋ ಮೆನುವಿಗೆ ಹೋಗಿ ಆ ಪಟ್ಟಿಯ ಟಿಕ್ ತೆಗೆದಿದ್ದರು. ನನಗೆ ನೆನಪಿಲ್ಲ. ಆದರೆ ಆ ಮನೆಯಲ್ಲಿ ಮೆನುವಿಗೆ ಹೋಗುವವಳು ನಾನೊಬ್ಬಳೇ.

ಮೊನ್ನೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕೇಳಿಯೇಬಿಟ್ಟೆ. ಅತ್ತೆ ಕೈಯಲ್ಲಿದ್ದ ಬಂಗುಡೆ ಬಿಟ್ಟು, ಇನ್ನೊಂದರ ಕಿವಿರು ಎತ್ತಿದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಆ ಪಟ್ಟಿ ತೆಗ್ದದ್ ನಾನೇ ಅಲ್ದಾ?"