ಸಾಹೇಬರ ಪಕ್ಕದ ಜಾಗ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇಪ್ಪತ್ತಾರು ವರ್ಷ ಒಬ್ಬನೇ ರಾಜನನ್ನು ಬರೆದಳು. ಅಂಗೈಯಗಲದ ಚಿಕಣಿ ಚಿತ್ರ. ನಡುವೆ ದಿಂಬಿಗೊರಗಿದ ರಾಜ, ಸುತ್ತ ಹದಿನೆಂಟು ಆಸ್ಥಾನಿಕರು. ಚಿತ್ರ ಮಾರುವ ಅಂಗಡಿಯವರು ಕೊಟ್ಟ ಹಳೆಯ ಮಾದರಿಯ ನಕಲು. ಮೀಸೆಯಲ್ಲಿ ಒಂದು ಕೂದಲು ಹೆಚ್ಚಾದರೂ ವಾಪಸ್. ಅಳಿಲಿನ ಬಾಲದ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಅವಳು ಗೆರೆ ಎಳೆಯುವಾಗ ಮನೆಯಲ್ಲಿ ಯಾರೂ ಬಾಗಿಲು ಬಡಿಯುವಂತಿಲ್ಲ. ಸೀನು ಬಂದರೆ ಹೊರಗೆ ಓಡುವುದನ್ನು ನಾನು ನಡೆಯಲು ಕಲಿತಾಗಲೇ ಕಲಿತೆ.

ಕಳೆದ ವರ್ಷ ಪ್ರದರ್ಶನ ಏರ್ಪಡಿಸುವ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. "ಕೈ ಹಳೇದೇ ಇರ್ಲಿ ಅಮ್ಮ, ವಿಷಯ ಮಾತ್ರ ಇವತ್ತಿಂದಾಗ್ಲಿ. ನಿಮ್ದೇ ಒಂದು ಬರ್ದು ತೋರ್ಸಿ. ಹಿಡಿಸಿದ್ರೆ ಮುಂದೆ ನೀವು ಬರ್ದಿದ್ದೆಲ್ಲಾ ನಾವೇ ತಗೋತೀವಿ."

ಅತ್ತೆಗೆ ಐವತ್ತೆಂಟು. ಈ ಕೆಲಸಕ್ಕೆ ಕಣ್ಣು ಇನ್ನು ನಾಲ್ಕೈದು ವರ್ಷ ಬಂದರೆ ಹೆಚ್ಚು ಎಂದಿದ್ದರು ವೈದ್ಯರು. ಅದನ್ನೂ ರಾಜನಿಗೇ ಕೊಡಬೇಕೋ, ತನಗಾಗಿ ಉಳಿಸಿಕೊಳ್ಳಬಹುದೋ ಎಂಬುದು ಈ ಒಂದು ಹಾಳೆಯ ಮೇಲೆ ನಿಂತಿತು.

"ಆಸ್ಥಾನ ಬಿಟ್ರೆ ನಂಗೇನೋ ಗೊತ್ತು? ನಿಮ್ಮಾಫೀಸೇ ಬರೀತೀನಿ. ಅಲ್ಲಿ ಯಾರು ದೊಡ್ಡೋರು?" ಎಂದು ಅತ್ತೆ ನನ್ನನ್ನು ಕೇಳಿದಳು.

ಚಿಕಣಿಯಲ್ಲಿ ದೊಡ್ಡವರನ್ನು ದೊಡ್ಡದಾಗಿಯೇ ಬರೆಯುವುದು ರೂಢಿ.

"ಸಾಹೇಬ್ರು."

"ಆಮೇಲೆ?"

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ನಾನು ಗುಮಾಸ್ತ. ಮನೆಯಲ್ಲಿ ನಾನು ಕೊಡುತ್ತ ಬಂದ ವರದಿಯ ಪ್ರಕಾರ, ನಾನೊಂದು ದಿನ ರಜೆ ಹಾಕಿದರೆ ಊರಿನ ನಲ್ಲಿಗಳೆಲ್ಲ ಒಣಗಿಹೋಗಬೇಕು. ಅಮ್ಮನೂ ಅಲ್ಲೇ ಇದ್ದಳು. "ಆಮೇಲೆ ನಾನೇ ಅನ್ನು," ಅಂದುಬಿಟ್ಟೆ.

ಮೂರು ತಿಂಗಳ ಹೊತ್ತಿಗೆ ಸಾಹೇಬರ ಪಕ್ಕದಲ್ಲಿ, ಅವರ ಭುಜದೆತ್ತರಕ್ಕೆ, ನಾನು ಫೈಲು ಹಿಡಿದು ನಿಂತಿದ್ದೆ. ನನ್ನ ಮೂಗು ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ.

ಚಿತ್ರ ಕೊಡಲು ಹನ್ನೆರಡು ದಿನವಿದ್ದಾಗ, ಗೋಡೆಯ ಬಣ್ಣ ನೋಡಬೇಕೆಂದು ಅತ್ತೆ ಹೇಳದೆ ಕೇಳದೆ ಕಚೇರಿಗೆ ಬಂದು, ದೂರು ಕೊಡುವವರ ಬೆಂಚಿನಲ್ಲಿ ಮೂರು ಗಂಟೆಯವರೆಗೆ ಕೂತಳು. ಶೌಚಾಲಯದ ಬಾಗಿಲು ತೆರೆದಾಗಲೆಲ್ಲ ನಾನು ಕುರ್ಚಿ ಸರಿಸಿಕೊಳ್ಳುವುದನ್ನು ನೋಡಿದಳು. ಸಾಹೇಬರು ಎರಡು ಸಲ ಹೊರಬಂದು, ಎರಡು ಸಲವೂ ಅಟೆಂಡರ್ ಅಕ್ಕನನ್ನು ಏನೋ ಕೇಳಿಕೊಂಡು ಒಳಹೋದರು. ಯಾವ ಬೀದಿಯ ಪೈಪು ಯಾವಾಗ ಒಡೆಯಿತು, ಯಾವ ಫೈಲು ಎಲ್ಲಿದೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಅವಳನ್ನು ಕೇಳದೆ ನಾನು ಒಂದು ಅರ್ಜಿಯನ್ನೂ ಮುಟ್ಟುತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ, ಅತ್ತೆ ಒದ್ದೆ ಕುಂಚದಿಂದ ನನ್ನನ್ನು ನೆನೆಸಿ ಬ್ಲೇಡಿನಲ್ಲಿ ಕೆರೆಯುತ್ತಿದ್ದಾಳೆ!

"ಅಯ್ಯೋ, ಹಾಳೆ ತೂತಾದ್ರೆ ಮುಗೀತು! ಹಾಗೇ ಕೊಟ್ಬಿಡತ್ತೆ, ಅಲ್ಲಿ ಯಾರಿಗ್ಗೊತ್ತಾಗತ್ತೆ?"

"ನಂಗೊತ್ತಲ್ಲ. ಆ ರಾಜ ಹೇಗಿದ್ನೋ ಏನೋ, ನಾನೇನ್ ಕಂಡಿದ್ನಾ? ಕಣ್ಣಾರೆ ಕಂಡಿದ್ದನ್ನೂ ಸುಳ್ಳು ಬರೀಲೇನೋ?"

"ಹಾಗಾದ್ರೆ ನಾನೆಲ್ಲಿ?"

"ಬಾಗಿಲ ಹಿಂದೆ ಅಕ್ಕಿಕಾಳಷ್ಟು ಜಾಗ ಇದೆ. ಮೂಗು ಹಾಗೇ ಇಡ್ತೀನಿ, ಅಳ್ಬೇಡ."

ಒಳಗೆ ಅಮ್ಮ ನಗುವುದು ಕೇಳಿಸಿತು.

ನಾಲ್ಕು ಪದರ ಅಂಟಿಸಿ ಮಾಡಿದ ಆ ಹಾಳೆಯ ಮೇಲಿನ ಪದರ ಎದ್ದೇ ಬಂತು. ಅತ್ತೆ ಅಂಟು ಸವರಿ ಕೂರಿಸಿ, ಎರಡು ದಿನ ಒಣಗಿಸಿ, ಹಿಂಬದಿಯಿಂದ ನುಣುಪು ಕಲ್ಲಿನಲ್ಲಿ ಉಜ್ಜಿದಳು. ಹನ್ನೊಂದನೆಯ ದಿನ ಅಟೆಂಡರ್ ಅಕ್ಕ ಎದ್ದು ನಿಂತಳು, ಸಾಹೇಬರಿಗಿಂತ ಒಂದು ತಲೆ ಎತ್ತರ.

ಮರುದಿನ ಮನೆಗೆ ಬಂದ ಪ್ರದರ್ಶನದ ಹುಡುಗಿಯ ಭೂತಗನ್ನಡಿ ಚಿತ್ರದ ಅಕ್ಕನ ತೋಳಿನ ಹತ್ತಿರ ನಿಂತುಬಿಟ್ಟಿತು.

"ಇಲ್ಲಿ ಹಾಳೆ ತೆಳ್ಳಗಾಗಿದೆ ಅಲ್ವಾಮ್ಮ? ಮೊದ್ಲು ಬೇರೇನೋ ಇತ್ತಾ?"

ನಾನು ಬಾಗಿಲ ಕಡೆ ಎರಡು ಹೆಜ್ಜೆ ಸರಿದೆ.

"ಇವ್ನಿದ್ದ," ಅಂದಳು ಅತ್ತೆ, ನನ್ನ ಕಡೆ ಗದ್ದ ತಿರುಗಿಸಿ. "ಆಫೀಸ್ ನೋಡ್ಕೊಂಡ್ ಬಂದ್ಮೇಲೆ ತೆಗ್ದೆ."

ಹುಡುಗಿ ನನ್ನನ್ನೊಮ್ಮೆ, ಬಾಗಿಲ ಹಿಂದಿನ ಕಾಳನ್ನೊಮ್ಮೆ ನೋಡಿ, "ಸರಿಯಾಗೇ ಇದೆ," ಅಂದಳು. ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾ ಕೇಳಿದಳು: "ಮುಂದಿಂದು ಏನ್ ಬರೀತೀರಾ?"

"ಇನ್ನೂ ನೋಡಿಲ್ಲ. ನಾಳೆ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತ್ಕೋತೀನಿ."

ರಾಜನನ್ನು ಇನ್ನು ಬರೆಯುವುದಿಲ್ಲವೆಂದು ಅಂಗಡಿಯವರಿಗೆ ಫೋನಿನಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಅರ್ಧ ಗಂಟೆ ಕೂಗಾಡಿದರು. ನಾನು ಹೂಂಗುಟ್ಟುತ್ತಾ ಕೇಳಿಸಿಕೊಂಡೆ. ನನಗೆ ಸಂಬಳ ಬರುವುದೇ ದೂರು ಕೇಳುವುದಕ್ಕಲ್ಲವೇ.