ಚಾಚಾರ ಎದೆಯ ಚೀಟಿ

ಚಾಚಾರ ಮೀನಖಂಡಗಳನ್ನು ನೋಡಿದವರು ಅವರ ಮುಖವನ್ನು ಆಮೇಲೆ ನೋಡುತ್ತಿದ್ದರು. ಐವತ್ತೊಂದು ವರ್ಷದ ತೆಳ್ಳನೆಯ ಮನುಷ್ಯ, ಬೆಳ್ಳನೆಯ ಕುರುಚಲು ಗಡ್ಡ, ಕಾಲು ಮಾತ್ರ ಯಾವನೋ ಪೈಲವಾನನದು. ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಅಂಗಡಿಯ ಬಾಗಿಲಲ್ಲಿ ಕುಳಿತು, ಪ್ಯಾಂಟು ಮೊಳಕಾಲ ತನಕ ಏರಿಸಿ, ಕೊರಳಲ್ಲಿದ್ದ ಟೇಪಿನಿಂದ ತಮ್ಮ ಮೀನಖಂಡದ ಅಳತೆಯನ್ನು ತಾವೇ ತೆಗೆದುಕೊಳ್ಳುತ್ತಿದ್ದರು.

"ಹದಿನೈದೂವರಿ. ಹ್ವಾದ ವಾರಾನೂ ಹದಿನೈದೂವರಿ. ಗಾಡಿ ಇನ್ನೂ ಮಜಬೂತ ಐತಿ ನೋಡು ಬೇಟಾ."

ವಿಜಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮನೆಯ ಮುಂದಿನ ಖೋಲಿಯೇ ಅವರ ಹೊಲಿಗೆ ಅಂಗಡಿ. ಹಗಲೆಲ್ಲ ಮಷೀನು ತುಳಿಯುವರು, ನಸುಕಿನಲ್ಲಿ ಸೈಕಲ್ಲು ತುಳಿಯುವರು. ದಿನಾ ತೊರವಿಯ ತನಕ, ಆದಿತ್ಯವಾರ ಟಿಕೋಟಾದ ತನಕ. ನಮ್ಮ ಊರಿನವರಿಗೆ ಸೈಕಲ್ಲಿನ ಹುಚ್ಚು ಮೊದಲಿನಿಂದಲೂ ಇದೆ, ಆದರೆ ಮದುವೆಯಾಗಿ ಎರಡು ವರ್ಷಕ್ಕೆ ಅದು ಇಳಿಯುತ್ತದೆ. ಚಾಚಾರದು ಇಳಿಯಲೇ ಇಲ್ಲ. ಮಕ್ಕಳಿಲ್ಲದ ಗಂಡಹೆಂಡತಿ. ಚಾಚಿ ಆ ಸೈಕಲ್ಲಿಗೆ ಸವತಿ ಅಂತಲೇ ಹೆಸರಿಟ್ಟಿದ್ದಳು.

ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಕಚೇರಿಗೆ ಹೋಗುವುದು, ಬಂದು ಗೋಡೆ ನೋಡುತ್ತ ಕೂಡುವುದು, ಇಷ್ಟೇ ಮಾಡುತ್ತಿದ್ದೆ. ಮೂವತ್ತೆಂಟಕ್ಕೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಬೆಳಿಗ್ಗೆ ಚಾಚಾ ಎರಡು ಸೈಕಲ್ಲು ತಂದು ನಮ್ಮ ಬಾಗಿಲಿಗೆ ನಿಲ್ಲಿಸಿ ಬೆಲ್ಲು ಬಾರಿಸತೊಡಗಿದರು. ಒಳಗಿನಿಂದ ಬೈದೆ. ಅವರು ಇನ್ನೂ ಜೋರಾಗಿ ಬಾರಿಸಿದರು.

"ನೀ ಹೊರಗ ಬರೂತನಕ ಬಾರಸ್ತೀನಿ. ಓಣಿ ಮಂದಿ ನನ್ನ ಬೈಯೂದಿಲ್ಲ, ನಿನ್ನ ಬೈತಾರ."

ಹೋದೆ. ತೊರವಿಯ ಚಹಾದಂಗಡಿಯಲ್ಲಿ ಬಿಸಿ ಭಜಿ ತಿನ್ನಿಸಿದರು. ಹೆಂಡತಿಯ ಬಗ್ಗೆ ಒಂದೇ ಒಂದು ಮಾತು ಎತ್ತಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಇಂದು ನಾನು ಬದುಕಿದ್ದರೆ ಆ ಬೆಲ್ಲಿನಿಂದ. ಇದನ್ನು ಹೇಳಿ ಮುಂದಿನದನ್ನು ಹೇಳಬೇಕಾಗಿ ಬಂದಿರುವುದು ನನ್ನ ಕರ್ಮ.

ಟಿಕೋಟಾದ ಈಚೆ ರಸ್ತೆಗೊಂದು ಏರು ಇದೆ. ಚಾಚಾರಿಗೆ ಐವತ್ತೊಂದಾದ ವರ್ಷ ಆ ಏರಿಗೆ ಬಂದಾಗಲೆಲ್ಲ ಇಳಿದುಬಿಡುತ್ತಿದ್ದರು. "ಚೈನ್ ಬಿತ್ತಲೇ," ಎಂದು ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂಡುವರು. ಚೈನು ಬಿದ್ದಿರುತ್ತಿರಲಿಲ್ಲ. ಬಲಗೈ ಚೈನಿನ ಮೇಲೆ, ಎಡಗೈ ಎದೆಯ ಮೇಲೆ. ಕೇಳಿದರೆ, "ಗ್ಯಾಸ್ ಆಗೇತಿ. ನಿನ್ನೆ ಬದನಿಕಾಯಿ ತಿಂದಿದ್ದೆ." ಎಷ್ಟು ಬದನೆಕಾಯಿ ತಿಂದಾನು ಮನುಷ್ಯ!

ಚಾಚಿಗೂ ಗುಮಾನಿ ಬಂದಿತ್ತು. ಒಂದು ಸಂಜೆ ಗೋಡೆಯ ಆಚೆಯಿಂದ ಕರೆದಳು.

"ಬೇಟಾ, ಅವರ ಎದಿ ಒಮ್ಮೆ ಡಾಕ್ಟರಿಗೆ ತೋರಸು. ನಾ ಹೇಳಿದ್ರ ನಗತಾರ. ನಿನ್ನ ಮಾತು ತೆಗದ ಹಾಕೂದಿಲ್ಲ."

"ತೋರಸ್ತೀನಿ ಚಾಚಿ, ನೀ ಚಿಂತಿ ಬಿಡು," ಅಂದೆ.

ದೇವರೇ ಅನುಕೂಲ ಮಾಡಿಕೊಟ್ಟಂತೆ ಅದೇ ಹೊತ್ತಿಗೆ ರೇಸಿನ ಕಮಿಟಿಯವರು ಹೊಸ ಕಟ್ಟಳೆ ತಂದರು. ವರ್ಷಕ್ಕೊಮ್ಮೆ ಟಿಕೋಟಾಕ್ಕೆ ಹೋಗಿ ಬರುವ ಸೈಕಲ್ ರೇಸು ನಡೆಯುತ್ತಿತ್ತು. ಹುಡುಗರದು ಮುಗಿದ ಮೇಲೆ ನಲವತ್ತೈದು ದಾಟಿದವರದು. ಹಿಂದಿನ ವರ್ಷ ಬಬಲೇಶ್ವರದ ಹಿರಿಯರೊಬ್ಬರು ರೇಸಿನಲ್ಲೇ ಬಿದ್ದು ಸತ್ತಿದ್ದರು. ಅದಕ್ಕೆ ಈ ಸಲ ವಯಸ್ಸಾದವರೆಲ್ಲ ಕಾರ್ಡಿಯೋಗ್ರಾಂ ತೆಗೆಸಿ, ಎದೆ ಗಟ್ಟಿ ಇದೆ ಎಂದು ಡಾಕ್ಟರಿಂದ ಚೀಟಿ ತರಬೇಕು ಎಂದರು. ಊರಿಗೆ ಹೊಸದಾಗಿ ಬಂದ ಡಾಕ್ಟರೊಬ್ಬರ ಹತ್ತಿರ ಆ ಮಷೀನು ಇತ್ತು. ಮುದುಕರೆಲ್ಲ ನಕ್ಕರು. ಕೆಲವರು ಸಿಟ್ಟಾಗಿ ಹೆಸರು ವಾಪಸು ತೆಗೆದುಕೊಂಡರು. ಚಾಚಾ ತೆಗೆದುಕೊಳ್ಳಲಿಲ್ಲ. ಮೂರು ವರ್ಷದಿಂದ ಹೊನವಾಡದ ಗೌಡರೊಬ್ಬರ ಹಿಂದೆ ಎರಡನೆಯವರಾಗಿ ಬರುತ್ತಿದ್ದರು. "ಒಮ್ಮೆ ಆ ಗೌಡನ ಬೆನ್ನ ನೋಡದ ಮನಿಗಿ ಬರಬೇಕು," ಎಂಬ ಹಟ.

ದವಾಖಾನೆಯ ಮೆಟ್ಟಿಲಿನ ತನಕ ಸುಮ್ಮನೆ ಬಂದವರು ಅಲ್ಲಿ ನಿಂತುಬಿಟ್ಟರು.

"ಏನಾರ ಸಿಕ್ಕರ?"

"ಸಿಕ್ಕರ ಔಷಧ ಕೊಡ್ತಾರ್ರಿ ಚಾಚಾ."

"ಔಷಧ ಕೊಟ್ಟು ಸುಮ್ಮನಾಗಂಗಿಲ್ಲ. ಸೈಕಲ್ ಬಿಡು ಅಂತಾರ. ಆಮ್ಯಾಲ ನಾ ಏನ್ ಮಾಡ್ಲಿ? ಕಟ್ಟಿ ಮ್ಯಾಲ ಕುಂತು ಮಂದಿ ಎಣಸ್ಲಿ?" ಸ್ವಲ್ಪ ಹೊತ್ತು ನನ್ನ ತಲೆಯನ್ನೇ ನೋಡಿದರು. "ನೀ ಹೋಗು. ಹೆಸರು ನಂದು ಹೇಳು, ವಯಸ್ಸೂ ನಂದು ಹೇಳು. ತಲಿ ಹ್ಯಾಂಗೂ ಬೆಳ್ಳಗಾಗೇತಿ."

ನಾನು ನಕ್ಕೆ. ಅದೇ ತಪ್ಪು. ನಕ್ಕವನು ಅರ್ಧ ಒಪ್ಪಿದ ಹಾಗೆಯೇ. "ಈ ವರ್ಷ ಒಂದಽ ಬೇಟಾ. ರೇಸ್ ಮುಗೀಲಿ, ನೀ ಎಲ್ಲಿ ಕರೀತಿ ಅಲ್ಲಿ ಬರ್ತೀನಿ," ಎಂದು ನನ್ನ ಕೈ ಹಿಡಿದರು. ತಮಗಾಗಿ ಎಂದೂ ಏನನ್ನೂ ಕೇಳದಿದ್ದ ಮನುಷ್ಯ.

ನನ್ನ ಕೊರಳಲ್ಲಿ ಲಿಂಗವಿತ್ತು. ಅಂಗಿ ಬಿಚ್ಚಿದರೆ ಡಾಕ್ಟರು ನೋಡುತ್ತಾರೆ, ಮುಸಲ್ಮಾನರ ಹೆಸರು ಹೇಳಿದವನು ಸಿಕ್ಕಿಬೀಳುತ್ತಾನೆ. ತಿಳಿವಳಿಕೆ ಬಂದಾಗಿನಿಂದ ಮೈಮೇಲಿಂದ ಇಳಿಸದಿದ್ದ ಲಿಂಗವನ್ನು ತೆಗೆದೆ. ಚಾಚಾ ಎರಡು ಹೆಜ್ಜೆ ಹಿಂದೆ ಸರಿದರು. "ಅದನ್ನ ತೆಗೀಬ್ಯಾಡೋ, ತಪ್ಪಾಕ್ಕೈತಿ," ಅಂದರು. ಬೇರೆ ದಾರಿ ಇಲ್ಲವೆಂದಾಗ ನಳದಲ್ಲಿ ಕೈ ತೊಳೆದು, ತೊಳೆದ ಕರವಸ್ತ್ರ ಹಾಸಿಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಹೊರಗೆ ಬರುವ ತನಕ ಕುಳಿತುಕೊಳ್ಳಲಿಲ್ಲ. ಲಿಂಗಕ್ಕೆ ಕುಂದು ಬರಬಾರದೆಂದು ಇಬ್ಬರೂ ಅಷ್ಟು ಹೆದರಿದೆವು. ಇಪ್ಪತ್ತು ವರ್ಷ ಒಂದೇ ಗೋಡೆಗೆ ಬದುಕಿ ನಾವು ಕಲಿತ ಮರ್ಯಾದೆ ಅದು. ಆದರೆ ಅವರ ಎದೆಯ ಬಗ್ಗೆ ಅದರ ಕಾಲುಭಾಗ ಹೆದರಿಕೆಯೂ ನಮಗಿರಲಿಲ್ಲ. ಥೂ!

ಡಾಕ್ಟರು ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಐವತ್ತೊಂದಕ್ಕ ಇಂಥಾ ಎದಿ ಅಪರೂಪ ನೋಡ್ರಿ ಸಾಹೇಬರ. ಖುಶಾಲ ಸೈಕಲ್ ಹೊಡೀರಿ." ನಾಚಿಕೆಗೇಡು, ನನಗೆ ಹೆಮ್ಮೆಯಾಯಿತು.

ಮನೆಗೆ ಬಂದೊಡನೆ ಚಾಚಾ ಚೀಟಿಯನ್ನು ಚಾಚಿಯ ಕೈಗೆ ಇಟ್ಟರು. ಅವಳಿಗೆ ಓದಲು ಬರುತ್ತಿರಲಿಲ್ಲ. "ಏನ್ ಬರದಾರ, ನೀ ಓದು ಬೇಟಾ," ಎಂದು ನನಗೇ ಕೊಟ್ಟಳು. ಆಗಲಾದರೂ ಹೇಳಬಹುದಿತ್ತು. ಚಾಚಾ ಅವಳ ಬೆನ್ನ ಹಿಂದೆ ನಿಂತು ಕಣ್ಣು ಮಿಟುಕಿಸಿದರು. ನಾನು ಓದಿದೆ: ಎದೆಯಲ್ಲಿ ಯಾವ ದೋಷವೂ ಇಲ್ಲ. ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿಟ್ಟಳು.

ಚೀಟಿ ಕಮಿಟಿಯವರ ಕಣ್ಣಿಗೆ ಬಿದ್ದು ಮತ್ತೆ ಟ್ರಂಕಿಗೇ ಸೇರಿತು. ರೇಸಿನಲ್ಲಿ ಏನೂ ಆಗಲಿಲ್ಲ. ಚಾಚಾ ಮತ್ತೆ ಎರಡನೆಯವರಾಗಿ ಬಂದು, ಮತ್ತೆ ಗೌಡರನ್ನು ಬೈದರು. ಏನೂ ಆಗದ್ದರಿಂದ ನಾನೂ ಮರೆತೆ. ರೇಸು ಮುಗಿದ ಮೇಲೆ ಬರುತ್ತೇನೆ ಅಂದಿದ್ದರಲ್ಲ, ಎಳೆದುಕೊಂಡು ಹೋಗಬೇಕಿತ್ತು. ಇವತ್ತು ನಾಳೆ ಅಂದರು, ನಾನೂ ಇವತ್ತು ನಾಳೆ ಅಂದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸೈಕಲ್ಲಿನಿಂದ ಇಳಿದವರು ಬೆವರುತ್ತಿದ್ದರಂತೆ. ನಾನು ಅಂದು ಜತೆಗೆ ಹೋಗಿರಲಿಲ್ಲ, ಕಚೇರಿಯಲ್ಲಿ ಕೆಲಸವಿತ್ತು. ಎಡಗೈ ಎಳೆಯುತ್ತದೆ ಅಂದರಂತೆ. ಚಾಚಿ ಟಾಂಗಾ ತರಲು ಹೊರಟು ಬಾಗಿಲ ತನಕ ಹೋದವಳು ತಿರುಗಿ ಬಂದಳು. ಎದೆ ಗಟ್ಟಿಯಿದೆ ಎಂದು ಚೀಟಿಯೇ ಇದೆಯಲ್ಲ, ಇದು ಗ್ಯಾಸೇ ಇರಬೇಕು ಅಂದುಕೊಂಡಳು. ಅಜವಾನದ ನೀರು ಕುಡಿಸಿ ಬೆನ್ನು ತಿಕ್ಕಿದಳು. ಚಾಚಾ, "ಅವನ್ನ ಕರಿ," ಅಂದರಂತೆ. ಗ್ಯಾಸಿಗೆಲ್ಲ ಕಚೇರಿಯಿಂದ ಯಾಕೆ ಕರೆಸುವುದು ಎಂದು ಅವಳು ಕರೆಸಲಿಲ್ಲ. ಹತ್ತೂವರೆಗೆ ಚಾಚಾ ಎದ್ದು, ಯಾರದೋ ಮದುವೆಯ ಕೋಟು ಮುಗಿಸಬೇಕೆಂದು ಮಷೀನಿಗೆ ಕುಳಿತರು. ಅಡಿಗೆಮನೆಯಲ್ಲಿದ್ದ ಚಾಚಿಗೆ ಮಷೀನಿನ ಸದ್ದು ನಿಂತದ್ದು ಕೇಳಿತು. ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಚೀಟಿ ಸುಳ್ಳೆಂದು ಅವರಿಗಾದರೂ ಗೊತ್ತಿತ್ತಲ್ಲ! ಹೆಂಡತಿಗೆ ಒಂದು ಮಾತು ಹೇಳಲು ಏನು ಧಾಡಿಯಾಗಿತ್ತು? ನನ್ನ ಮಾನ ಹೋದೀತೆಂದು ಬಾಯಿ ಮುಚ್ಚಿಕೊಂಡರೋ, ಹೇಳಲಿಕ್ಕೇ ನನ್ನನ್ನು ಕರಿ ಅಂದರೋ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವರೇ ಒಳಗೆ ಹೋಗಿ ಮಲಗಿದ್ದರೆ ಆ ಮಷೀನಿಗೆ ಏನಾದರೂ ಸಿಗುತ್ತಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಡಾಕ್ಟರನ್ನು ಕೇಳುವ ಧೈರ್ಯ ಬರಲಿಲ್ಲ. ಕೈಗುಣ ಸರಿಯಿಲ್ಲ, ಸುಳ್ಳು ಚೀಟಿ ಬರೆಯುತ್ತಾನೆ ಎಂದು ಓಣಿಯವರು ಆಡಿಕೊಂಡರು, ಅವರ ದವಾಖಾನೆಗೆ ಹೋಗುವುದನ್ನೇ ಬಿಟ್ಟರು. ಅದನ್ನೂ ಕೇಳಿಕೊಂಡು ಸುಮ್ಮನಿದ್ದೆ.

ನಲವತ್ತನೆಯ ದಿನದ ಊಟಕ್ಕೆ ಚಾಚಿ ಕರೆದಳು. ಇವತ್ತು ಹೇಳಿಯೇ ಬಿಡಬೇಕು, ಚಪ್ಪಲಿ ತೆಗೆದುಕೊಂಡು ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡು ಹೋದೆ. ನನಗೆಂದು ಬೇರೆಯಾಗಿ ರೊಟ್ಟಿ, ಬ್ಯಾಳಿ ಮಾಡಿಟ್ಟಿದ್ದಳು. ಎದುರಿಗೆ ಕುಳಿತು ಬಡಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ಹೊಟ್ಟಿಲೆ ಹುಟ್ಟಿದಾವ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ ಬೇಟಾ. ನನ್ನ ಮಾತಿಗಿ ಬೆಲಿ ಕೊಟ್ಟು, ಅವರನ್ನ ಕರಕೊಂಡು ಹೋಗಿ ಎದಿ ತೋರಿಸಿದಿ. ಅಲ್ಲಾ ನಿನಗ ಚೊಲೋ ಮಾಡ್ಲಿ. ಆ ಡಾಕ್ಟರ್ ಮಾತ್ರ ಹಾಳಾಗಿ ಹೋಗ್ಲಿ."

"ಹೂಂ ಚಾಚಿ," ಅಂದೆ. ಅವಳು ಬಡಿಸಿದ್ದನ್ನೆಲ್ಲ ಉಂಡು, ಕೈ ತೊಳೆದುಕೊಂಡು ಮನೆಗೆ ಬಂದೆ.